1865ರ ಸೇನಾ ಸರ್ಜನ್ನನ ಕೆಲಸ: ನಾನು ಮಾಡಿ ತೋರಿಸುವ ಬಗೆ

ಗರಗಸ ನೋಡಲೆಂದೇ ಜನ ಬರುತ್ತಾರೆ. ತೋರಿಸುತ್ತೇನೆ, ಆದರೆ ಅದಕ್ಕೆ ಕಾಲು ಗಂಟೆಗಿಂತ ಹೆಚ್ಚು ಕೊಡುವುದಿಲ್ಲ. ಅಮೆರಿಕದ ಅಂತರ್ಯುದ್ಧ ಮುಗಿಯುತ್ತಿದ್ದ 1865ರಲ್ಲಿ, ವಶಕ್ಕೆ ಬಂದ ದಕ್ಷಿಣದ ಊರುಗಳಲ್ಲಿ ಬೀಡುಬಿಟ್ಟಿದ್ದ ಯೂನಿಯನ್, ಅಂದರೆ ಉತ್ತರದ, ಸೇನೆಯ ಸರ್ಜನ್ನನ ದಿನಚರಿಯಲ್ಲಿ ಗರಗಸದ ಪಾಲು ತೀರಾ ಕಡಿಮೆ. ಚಳಿಜ್ವರದ ಮದ್ದಾದ ಕ್ವಿನೈನ್ ತೂಗುವುದು, ಸಿಡುಬಿಗೆ ದಾಕು (ಲಸಿಕೆ) ಹಾಕುವುದು, ಕಕ್ಕಸು ಗುಂಡಿಗೆ ಮಣ್ಣು ಬಿದ್ದಿದೆಯೇ ಎಂದು ನೋಡಿ ಬರುವುದು, ಫಾರಂ ತುಂಬುವುದು, ಕಸುಬೆಂದರೆ ಇದೇ ಆಗಿತ್ತು.

ನಾನು ನಾರ್ತ್ ಕ್ಯಾರೊಲೈನಾದಲ್ಲಿ ಮೂಳೆ ಶಸ್ತ್ರಚಿಕಿತ್ಸಕ. ವಾರಾಂತ್ಯದಲ್ಲಿ ಇಲ್ಲಿನ ಐತಿಹಾಸಿಕ ತಾಣಗಳಲ್ಲಿ ಸ್ವಯಂಸೇವಕನಾಗಿ ಆ ಕಾಲದ ಸರ್ಜನ್ನನ ಕೆಲಸವನ್ನು ಮಾಡಿ ತೋರಿಸುತ್ತೇನೆ. ಇಲ್ಲಿರುವ ಕನ್ನಡದ ವೈದ್ಯ ಮಿತ್ರರು ಕೆಲವರು ತಾವೂ ಕೈಹಾಕಬೇಕೆಂದಿದ್ದಾರೆ. ಏನೇನು ಬೇಕು, ಹೇಗೆ ಮಾಡಬೇಕು, ಎಲ್ಲಿ ಕೆಡುತ್ತದೆ ಎನ್ನುವುದನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ಕಾಲ ಮತ್ತು ಜಾಗ ಗೊತ್ತು ಮಾಡಿಕೊಳ್ಳಿ. ‘ಅಂತರ್ಯುದ್ಧದ ವೈದ್ಯ’ ಎಂದು ಒಟ್ಟಾರೆಯಾಗಿ ತೋರಿಸಲು ಹೋದರೆ 1861ರ ಗೊಂದಲವೂ 1865ರ ಶಿಸ್ತೂ ಕಲಸಿಹೋಗುತ್ತವೆ. ನಾನು ಹಿಡಿದಿರುವುದು ಒಂದು ಪಟ್ಟಿಯಷ್ಟು ನೆಲ: 1865ರ ಫೆಬ್ರವರಿ 22ಕ್ಕೆ ಯೂನಿಯನ್ ವಶವಾದ ವಿಲ್ಮಿಂಗ್ಟನ್ ಬಂದರು, ಮಾರ್ಚ್ 19ರಿಂದ 21ರವರೆಗೆ ಕದನ ನಡೆದ ಬೆಂಟನ್‌ವಿಲ್, ಯೂನಿಯನ್ ಸೇನಾಪತಿ ಶೆರ್ಮನ್‌ನ ದಂಡು ಗಾಯಾಳುಗಳನ್ನು ಗಾಡಿಗಳಲ್ಲಿ ಹೇರಿಕೊಂಡು ಸೇರಿದ ಗೋಲ್ಡ್ಸ್‌ಬರೋ, ಏಪ್ರಿಲ್ 13ಕ್ಕೆ ಕೈಸೇರಿದ ರಾಜಧಾನಿ ರಾಲಿ, ಏಪ್ರಿಲ್ 26ಕ್ಕೆ ದಕ್ಷಿಣದ ಸೇನಾಪತಿ ಜಾನ್‌ಸ್ಟನ್ ಶರಣಾದ ಡರ್ಹಾಮ್ ಬಳಿಯ ಬೆನೆಟ್ ತೋಟದ ಮನೆ. ಅಲ್ಲಿಂದ ಮುಂದೆ ಗುಂಡಿನ ಸದ್ದಿಲ್ಲ. ಸರ್ಜನ್ನನ ಕೆಲಸ ಹೆಚ್ಚಿದ್ದು ಆಗಲೇ.

ಇನ್ನೊಂದು ವಿಷಯ ಆರಂಭದಲ್ಲೇ ಹೇಳಿಬಿಡುತ್ತೇನೆ. ಒಂದು ರೆಜಿಮೆಂಟಿಗೆ ಒಬ್ಬ ಸರ್ಜನ್, ಇಬ್ಬರು ಸಹಾಯಕ ಸರ್ಜನ್ನರು, ಔಷಧ ನೋಡಿಕೊಳ್ಳಲು ಒಬ್ಬ ಸ್ಟುವರ್ಡ್. ಇವರಲ್ಲಿ ಎಲ್ಲರೂ ಕೈಕಾಲು ಕತ್ತರಿಸುತ್ತಿರಲಿಲ್ಲ. 1862ರ ಅಕ್ಟೋಬರಿನಲ್ಲಿ ಯೂನಿಯನ್ನಿನ ಪೊಟೋಮ್ಯಾಕ್ ಸೇನೆಯ ವೈದ್ಯಕೀಯ ನಿರ್ದೇಶಕ ಜೋನಥನ್ ಲೆಟರ್‌ಮನ್ ಮಾಡಿದ ಏರ್ಪಾಡಿನಂತೆ ಹಲವು ರೆಜಿಮೆಂಟುಗಳು ಸೇರಿದ ಇಡೀ ಡಿವಿಷನ್ನಿಗೆ ಮೂವರೇ ಆಪರೇಷನ್ ಮಾಡುವ ಸರ್ಜನ್ನರು. ಕೈ ಪಳಗಿದವರನ್ನು ಮಾತ್ರ ಆರಿಸುತ್ತಿದ್ದರು. ಉಳಿದವರು ಗಾಯ ಕಟ್ಟುವುದು, ದಾಖಲೆ ಬರೆಯುವುದು, ಊಟ ಮತ್ತು ಗುಡಾರ ನೋಡಿಕೊಳ್ಳುವುದು. ಕಂಡ ಕಂಡ ವೈದ್ಯನೆಲ್ಲ ಕಾಲು ಕಡಿದ ಎನ್ನುವ ನಂಬಿಕೆಗೆ ಇದೊಂದೇ ಮಾತು ಸಾಕಾದ ಉತ್ತರ.

ಉಡುಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡುನೀಲಿ ಕೋಟು, ವೈದ್ಯಾಧಿಕಾರಿಯ ಗುರುತಾದ ಹಸಿರು ರೇಷ್ಮೆ ನಡುಪಟ್ಟಿ. ಆಪರೇಷನ್ ಮೇಜಿನ ಬಳಿ ಕೋಟು ತೆಗೆದು ತೋಳು ಮಡಚಿ ನಿಲ್ಲಿ. ಏಪ್ರನ್ನಿಗೆ ಬಕೆಟ್‌ಗಟ್ಟಲೆ ಕೆಂಪು ಬಣ್ಣ ಬಳಿದುಕೊಂಡು ಬರುವವರನ್ನು ನೋಡಿದ್ದೇನೆ. ರಕ್ತ ತಡೆಯಲು ಕಟ್ಟುವ ಬಿಗಿಪಟ್ಟಿ, ಅಂದರೆ ಟೂರ್ನಿಕೆ, ಸರಿಯಾಗಿ ಕೂತಿದ್ದರೆ ಅಷ್ಟು ರಕ್ತ ಹೋಗುವುದಿಲ್ಲ.

ಮೇಜಿಗೆ ಹಳೆಯ ಬಾಗಿಲೊಂದನ್ನು ಎರಡು ಪೀಪಾಯಿಗಳ ಮೇಲೆ ಮಲಗಿಸಿದರೆ ಸಾಕು. ಎತ್ತರ ನಿಮ್ಮ ಸೊಂಟದ ಮಟ್ಟಕ್ಕಿರಲಿ. ತಗ್ಗಾದರೆ ಗರಗಸ ಓರೆಯಾಗಿ ಇಳಿಯುತ್ತದೆ. ಬೆಂಟನ್‌ವಿಲ್‌ನ ಹಾರ್ಪರ್ ಮನೆಯಲ್ಲಿ ಹೀಗೇ, ಕೆಳಗಿನ ಕೋಣೆಗಳಲ್ಲಿ ಆಪರೇಷನ್ ನಡೆದದ್ದು. ಮನೆಯವರು ಮಹಡಿಯಲ್ಲೇ ಉಳಿದಿದ್ದರು. ಐನೂರಕ್ಕೂ ಹೆಚ್ಚು ಯೂನಿಯನ್ ಗಾಯಾಳುಗಳು ಆ ಮನೆ ಮತ್ತು ಅಂಗಳ ದಾಟಿಹೋದರು. ಹಿಮ್ಮೆಟ್ಟಿದ ಎದುರಾಳಿ ಪಡೆ ಬಿಟ್ಟುಹೋದವರಿಗೂ ಅಲ್ಲೇ ಚಿಕಿತ್ಸೆಯಾಯಿತು.

ಗರಗಸ

ಮಾದರಿ ಕಾಲಿಗೆ ಹಂದಿಯ ಕಾಲು ತರುವವರಿದ್ದಾರೆ. ಬೇಸಿಗೆಯಲ್ಲಿ ನೊಣ, ವಾಸನೆ, ಮಕ್ಕಳ ಮುಂದೆ ಮಾಂಸ, ಎಲ್ಲ ತಾಪತ್ರಯ. ಸುಮಾರು 3 ಸೆಂಟಿಮೀಟರ್ ದಪ್ಪದ ಓಕ್ ಮರದ ಕೋಲು ತೊಡೆಮೂಳೆಯ ನಡುಭಾಗದ ಗಾತ್ರಕ್ಕೆ ಹತ್ತಿರ. ಅದಕ್ಕೆ ಎರಡು ಪದರ ಸ್ಪಂಜು ಸುತ್ತಿ, ಹಳೆಯ ಪ್ಯಾಂಟಿನ ಕಾಲಿನೊಳಗೆ ತೂರಿಸಿ. ಪೈನ್ ಮರ ಬೇಡ, ಮೂರು ಎಳೆತಕ್ಕೆ ತುಂಡಾಗಿ ‘ಇಷ್ಟೇನಾ’ ಎನ್ನುವಂತಾಗುತ್ತದೆ.

ಕ್ರಮ ಹೀಗೆ. ಪೆಟೀ ಮಾದರಿಯ ತಿರುಪಿನ ಟೂರ್ನಿಕೆಯನ್ನು ತೊಡೆಯ ಮೇಲ್ಭಾಗದಲ್ಲಿ, ಅದರ ದಿಂಬು ಮುಖ್ಯ ಅಪಧಮನಿಯ ಮೇಲೆ ಬೀಳುವಂತೆ ಕಟ್ಟಿ ತಿರುಪು ಬಿಗಿಮಾಡಿ. ಉದ್ದ ಚಾಕುವಿನಿಂದ ಚರ್ಮ ಮತ್ತು ಸ್ನಾಯು. ಸುತ್ತಲೂ ಒಂದೇ ಸಮನೆ ಕೊಯ್ಯುವ ವೃತ್ತಾಕಾರದ ವಿಧಾನವಿತ್ತು, ಮಾಂಸದ ಹೊದಿಕೆ ಬಿಟ್ಟುಕೊಳ್ಳುವ ವಿಧಾನವೂ ಇತ್ತು. ಮೊದಲನೆಯದರಲ್ಲಿ ಗಾಯದ ಬಾಯಿ ಚಿಕ್ಕದು, ಗಾಡಿಯ ಕುಲುಕಾಟವನ್ನು ತಡೆದುಕೊಳ್ಳುತ್ತದೆ. ಎರಡನೆಯದು ಬೇಗ ಮುಗಿಯುತ್ತದೆ, ಮೂಳೆಯ ತುದಿಗೆ ಮೆತ್ತೆಯೂ ಸಿಗುತ್ತದೆ. ಯಾವುದು ಮೇಲೆಂದು ಆ ಸರ್ಜನ್ನರೇ ಜಗಳಾಡಿ ತೀರ್ಮಾನಕ್ಕೆ ಬರಲಿಲ್ಲ.

ಇದಾದ ಮೇಲೆ ಬಹುತೇಕ ಪ್ರದರ್ಶನಗಳಲ್ಲಿ ಬಿಟ್ಟುಹೋಗುವ ಒಂದು ಹಂತವಿದೆ, ಅದೇ ಸೀಳುಬಟ್ಟೆ. ನಾರುಮಡಿ ಬಟ್ಟೆಯ ಅಗಲ ಪಟ್ಟಿಯನ್ನು ಒಂದು ಕಡೆಯಿಂದ ಅರ್ಧದವರೆಗೆ ಸೀಳಿ, ಸೀಳಿನ ನಡುವೆ ಮೂಳೆ ಕೂರಿಸಿ, ಮಾಂಸವನ್ನೆಲ್ಲ ಮೇಲಕ್ಕೆ ಎಳೆದು ಹಿಡಿಯಬೇಕು. ತೊಡೆ ಮತ್ತು ತೋಳಿನಲ್ಲಿ ಒಂದೇ ಮೂಳೆ, ಎರಡು ಬಾಲದ ಬಟ್ಟೆ. ಮೊಣಕಾಲಿನ ಕೆಳಗೆ ಮತ್ತು ಮುಂಗೈಯಲ್ಲಿ ಎರಡು ಮೂಳೆ, ಆದ್ದರಿಂದ ಮೂರು ಬಾಲ. ನಡುವಿನ ಬಾಲ ಎರಡು ಮೂಳೆಗಳ ಸಂದಿನಲ್ಲಿ ಹೋಗಬೇಕು. ಬಟ್ಟೆ ಇಲ್ಲದಿದ್ದರೆ ಗರಗಸದ ಹಲ್ಲಿಗೆ ಮಾಂಸ ಸಿಕ್ಕಿಕೊಳ್ಳುತ್ತದೆ. ಮೂಳೆಯನ್ನು ಸಾಕಷ್ಟು ಮೇಲೆ ಕತ್ತರಿಸಲೂ ಆಗದೆ, ಗಾಯ ಮಾಯುವಾಗ ತುದಿ ಚೂಪಾಗಿ ಚರ್ಮದಿಂದ ಹೊರಬರುತ್ತದೆ.

ಗರಗಸದ ಹಿಡಿಕೆಯ ಕಡೆಯ ಹಲ್ಲನ್ನು ಮೂಳೆಯ ಮೇಲಿಟ್ಟು, ಎಡಗೈ ಹೆಬ್ಬೆರಳ ಉಗುರನ್ನು ಆನಿಕೆಯಾಗಿ ಕೊಟ್ಟು, ಮೊದಲ ಎಳೆತ ನಿಮ್ಮ ಕಡೆಗೆ. ಒಂದು ಗೀರು ಬೀಳುತ್ತದೆ, ಆಮೇಲೆ ಅಲಗು ಜಾರುವುದಿಲ್ಲ. ನಂತರ ಉದ್ದುದ್ದ, ಹಗುರ ಎಳೆತಗಳು. ಒತ್ತಬೇಡಿ, ಗರಗಸದ ತೂಕವೇ ಸಾಕು. ಕಾಲು ಹಿಡಿದ ಸಹಾಯಕನ ಕೈಯಲ್ಲಿ ಎಲ್ಲ ಇದೆ. ಅವನು ಪಾದದ ಕಡೆಯನ್ನು ಎತ್ತಿದರೆ ಗೀರಿನ ಬಾಯಿ ಮುಚ್ಚಿ ಗರಗಸ ಕಚ್ಚಿಕೊಳ್ಳುತ್ತದೆ. ಇಳಿಬಿಟ್ಟರೆ ಕೊನೆಯ ಅರ್ಧ ಸೆಂಟಿಮೀಟರು ಕತ್ತರಿಸುವ ಮೊದಲೇ ಮೂಳೆ ಲಟಕ್ಕನೆ ಮುರಿದು ಸಿಬಿರೇಳುತ್ತದೆ. ಓಕ್ ಕೋಲಿನಲ್ಲಿ ಇವೆರಡನ್ನೂ ಬೇಕೆಂದೇ ಮಾಡಿ ತೋರಿಸಬಹುದು; ಜನರಿಗೆ ತಟ್ಟನೆ ಅರ್ಥವಾಗುತ್ತದೆ. ಮೊಣಕಾಲಿನ ಕೆಳಗಾದರೆ ಸಣ್ಣ ಮೂಳೆ ಫಿಬ್ಯುಲಾವನ್ನು ಮೊದಲು ಪೂರ್ತಿ ಕತ್ತರಿಸಿಬಿಡಬೇಕು. ಕೊನೆಗೆ ಅದೊಂದೇ ಉಳಿದರೆ ಅಲ್ಲಾಡಿ ಸೀಳುತ್ತದೆ.

ರಕ್ತನಾಳಗಳನ್ನು ಕೊಕ್ಕೆಯಿಂದ ಎಳೆದು ರೇಷ್ಮೆ ದಾರದಿಂದ ಕಟ್ಟಿ, ದಾರದ ಒಂದು ತುದಿ ಕತ್ತರಿಸಿ ಇನ್ನೊಂದನ್ನು ಗಾಯದ ಹೊರಗೆ ಇಳಿಬಿಡುತ್ತಿದ್ದರು. ಈ ಇಳಿಬಿಟ್ಟ ದಾರವನ್ನು ಮರೆಯದೆ ತೋರಿಸಿ, ಮುಂದಿನ ವಾರಗಳ ಕಥೆಯೆಲ್ಲ ಅದರಲ್ಲಿದೆ. ದಕ್ಷಿಣದವರಿಗೆ ರೇಷ್ಮೆ ಸಿಗದೆ ಕುದುರೆ ಬಾಲದ ಕೂದಲನ್ನು ಮೆತ್ತಗಾಗಲೆಂದು ಕುದಿಸಿ ಬಳಸಿದರು. ಕುದಿಸಿದ್ದರಿಂದ ಸೋಂಕು ಕಡಿಮೆಯಾಯಿತು. ಏಕೆಂದು ಅವರಿಗೆ ತಿಳಿಯಲಿಲ್ಲ. ಗಾಯಕ್ಕೆ ಸೋಂಕು ತಗಲದಂತೆ ನೋಡುವ ತನ್ನ ವಿಧಾನವನ್ನು ಬ್ರಿಟಿಷ್ ಸರ್ಜನ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ.

ಅಂಕಿಗಳನ್ನು ಕೇಳುವವರು ಇದ್ದೇ ಇರುತ್ತಾರೆ. ಸರ್ಜನ್ ಜನರಲ್ ಕಚೇರಿ 1870ರಿಂದ 1888ರ ನಡುವೆ ಹೊರತಂದ ಆರು ಸಂಪುಟಗಳ ದಾಖಲೆಯಂತೆ ಯೂನಿಯನ್ ಪಾಳೆಯದಲ್ಲಿ ಸುಮಾರು 30,000 ಅಂಗಚ್ಛೇದನಗಳು, ಸತ್ತವರು ಶೇ. 26ರಷ್ಟು. ಬೆರಳಾದರೆ ಶೇ. 3ರ ಆಸುಪಾಸು, ಸೊಂಟದ ಕೀಲಿನಲ್ಲಾದರೆ ಶೇ. 83. ಮೊದಲ ಒಂದೆರಡು ದಿನದಲ್ಲೇ ಕತ್ತರಿಸಿದರೆ ಬದುಕುವ ಸಾಧ್ಯತೆ ಹೆಚ್ಚು. ಮೃದು ಸೀಸದ ಮಿನಿಯೆ ಗುಂಡು ಮೂಳೆಗೆ ತಾಗಿದಾಗ ಪುಡಿಪುಡಿ ಮಾಡಿ ಬಟ್ಟೆ, ಮಣ್ಣುಗಳನ್ನೆಲ್ಲ ಒಳಗೆ ಒಯ್ಯುತ್ತಿತ್ತು. ಆಂಟಿಬಯೋಟಿಕ್ ಇಲ್ಲದ ಆ ಕಾಲದಲ್ಲಿ ನಾನಿದ್ದರೂ ಕತ್ತರಿಸುತ್ತಿದ್ದೆ.

ಕ್ಲೋರೋಫಾರ್ಮ್

ಗುಂಡು ಕಚ್ಚಿ ನೋವು ನುಂಗಿದರು ಎನ್ನುವುದು ಸಿನಿಮಾ ಮಾತು. ವಿವರ ದಾಖಲಾದ ಸುಮಾರು 8,900 ಪ್ರಕರಣಗಳಲ್ಲಿ ಮುಕ್ಕಾಲು ಪಾಲು ಕ್ಲೋರೋಫಾರ್ಮ್, ಉಳಿದದ್ದು ಈಥರ್ ಅಥವಾ ಎರಡರ ಮಿಶ್ರಣ. ಕ್ಲೋರೋಫಾರ್ಮಿನಿಂದ ಆದ ಸಾವು 37. ಈಥರ್ ಮೇಣದಬತ್ತಿಯ ಬೆಳಕಿನಲ್ಲಿ ಬೆಂಕಿ ಹತ್ತುತ್ತದೆ, ಸೀಸೆಯೂ ದೊಡ್ಡದು ಬೇಕು. ದಂಡಿನ ಜೊತೆ ಹೊರಟವರಿಗೆ ಕ್ಲೋರೋಫಾರ್ಮೇ ಅನುಕೂಲ.

ಟವೆಲನ್ನು ಕೊಳವೆಯಂತೆ ಮಡಚಿ ತುದಿಯಲ್ಲಿ ಸ್ಪಂಜಿನ ಚೂರು ಇಡಿ. ಒಂದು ಡ್ರಾಮ್, ಅಂದರೆ 3.7 ಮಿಲಿಲೀಟರ್. ಮೊದಲು ಮೂಗಿನಿಂದ ಒಂದೆರಡು ಇಂಚು ದೂರ, ಉಸಿರು ಹೊಂದಿಕೊಂಡ ಮೇಲೆ ಹತ್ತಿರ. ಆರಂಭದಲ್ಲೇ ಒತ್ತಿ ಹಿಡಿದರೆ ರೋಗಿ ಉಸಿರು ಬಿಗಿಹಿಡಿದು, ಆಮೇಲೆ ಒಮ್ಮೆಲೇ ಜೋರಾಗಿ ಎಳೆದುಕೊಂಡು ಅತಿಪ್ರಮಾಣ ಒಳಹೋಗುತ್ತದೆ. ಮೊದಲ ನಿಮಿಷಗಳಲ್ಲಿ ಕೈಕಾಲು ಬಡಿಯುವುದು, ಕೂಗುವುದು ಸಹಜ, ಪ್ರಜ್ಞೆ ಇರುವುದಿಲ್ಲ. ಬೇಲಿಯಾಚೆಯಿಂದ ಆ ಕೂಗು ಕೇಳಿದವರು ‘ಮತ್ತು ಕೊಡದೆ ಕೊಯ್ದರು’ ಎಂದು ಬರೆದರು. ಸ್ನಾಯು ಸಡಿಲಾಗಿ, ಎತ್ತಿದ ತೋಳು ತಾನೇ ಬಿದ್ದರೆ ಸಾಕು, ಕೊಳವೆ ತೆಗೆಯಬೇಕು. ಗೊರಕೆಯಂಥ ಉಸಿರು ಬಂದರೆ ಮಿತಿ ಮೀರಿದೆ ಎಂದೇ ಅರ್ಥ.

ನಾಡಿ ನೋಡಬೇಕೋ ಉಸಿರು ನೋಡಬೇಕೋ ಎನ್ನುವ ವಾದ ಆಗ ಬಗೆಹರಿದಿರಲಿಲ್ಲ. ಅದು ನಮ್ಮ ಪಕ್ಕದ ಹೈದರಾಬಾದಿಗೂ ಬಂತು: 1888 ಮತ್ತು 1889ರಲ್ಲಿ ನಿಜಾಮರ ಹಣದಲ್ಲಿ ಎಡ್ವರ್ಡ್ ಲಾರಿ ನಡೆಸಿದ ಎರಡು ಕ್ಲೋರೋಫಾರ್ಮ್ ಆಯೋಗಗಳು ಉಸಿರೇ ಮುಖ್ಯ ಎಂದು ಸಾರಿದವು. ಹಗುರ ಮತ್ತಿನಲ್ಲೇ ಹೃದಯ ತಾಳ ತಪ್ಪಿ ನಿಲ್ಲಬಹುದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದ ಮೇಲೆ ಆ ತೀರ್ಪು ಬಿದ್ದುಹೋಯಿತು.

ಸೀಸೆಯಲ್ಲಿ ನೀರು ಮಾತ್ರ ಇರಲಿ. ನಿಜವಾದ ಕ್ಲೋರೋಫಾರ್ಮ್ ಬಿಸಿಲಿಗೆ ಕೆಟ್ಟು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ‘ವಾಸನೆ ಮಾತ್ರ ತೋರಿಸೋಣ’ ಎನ್ನುವುದೂ ಬೇಡ.

ಶರಣಾಗತಿಯ ನಂತರದ ಗಾಯಗಳು

ಇಲ್ಲಿಂದ ಎರಡನೆಯ ಮೇಜು. ಏಪ್ರಿಲ್ ಕಳೆದ ಮೇಲೆ ಹೊಸ ಗುಂಡಿನ ಗಾಯ ಬರುವುದು ಅಪರೂಪ, ಬರುವುದೆಲ್ಲ ಹಳೆಯವು. ಇಳಿಬಿಟ್ಟ ರೇಷ್ಮೆ ದಾರವನ್ನು ದಿನವೂ ಮೆಲ್ಲಗೆ ಎಳೆದು ನೋಡುತ್ತಿದ್ದರು. ಸಣ್ಣ ನಾಳದ್ದು ವಾರದೊಳಗೆ ಕಳಚಿಬರುತ್ತದೆ, ತೊಡೆಯ ಮುಖ್ಯ ಅಪಧಮನಿಯದ್ದು ಎರಡು ವಾರ ಹಿಡಿಯಬಹುದು. ಕೊಳೆತು ಕಳಚುವಾಗ ನಾಳದ ಬಾಯಿ ಮುಚ್ಚಿರದಿದ್ದರೆ ರಕ್ತ ಚಿಮ್ಮುತ್ತದೆ. ರಾತ್ರಿ ಹೊತ್ತಾದರೆ ನೋಡುವವರಿಲ್ಲದೆ ರೋಗಿ ನಿದ್ದೆಯಲ್ಲೇ ಮುಗಿದುಹೋಗುವ ಅಪಾಯ. ಅದಕ್ಕೇ ಮೋಟುಕಾಲಿನ ಮೇಲೆ ಟೂರ್ನಿಕೆಯನ್ನು ಸಡಿಲವಾಗಿ ಕಟ್ಟಿಯೇ ಬಿಡುವುದು, ಪಕ್ಕದ ಹಾಸಿಗೆಯವನಿಗೂ ತಿರುಪು ತಿರುಗಿಸುವುದನ್ನು ಕಲಿಸಿಡುವುದು.

ಒಳಗೆ ಸತ್ತ ಮೂಳೆಯ ಚೂರು ಉಳಿದರೆ ಕೀವು ನಿಲ್ಲುವುದಿಲ್ಲ. ತಿಂಗಳುಗಳ ನಂತರ ಬಾಯಿ ಅಗಲಿಸಿ ಚಿಮಟದಿಂದ ತೆಗೆಯಬೇಕು. ಒಳಗಿರುವುದು ಮೂಳೆಯೋ ಗುಂಡೋ ಎಂದು ತಿಳಿಯಲು ಫ್ರೆಂಚ್ ಸರ್ಜನ್ ನೆಲಾಟೋನ್‌ನ ಸಲಾಕೆ ಬಳಸುತ್ತಿದ್ದರು. ಅದರ ತುದಿಗೆ ಹೊಳಪು ಕೊಡದ ಪಿಂಗಾಣಿಯ ಗುಂಡು. ಸೀಸಕ್ಕೆ ಉಜ್ಜಿದರೆ ಬೂದು ಗೀರು ಮೂಡುತ್ತದೆ, ಮೂಳೆಗೆ ಉಜ್ಜಿದರೆ ಏನೂ ಮೂಡುವುದಿಲ್ಲ. ಹೊಳಪಿಲ್ಲದ ಬಿಳಿ ಟೈಲ್ಸ್ ಚೂರು ಮತ್ತು ಮೀನು ಗಾಳದ ಸೀಸ ಇಟ್ಟುಕೊಂಡರೆ ಇದನ್ನು ಯಾರ ಕೈಯಲ್ಲಾದರೂ ಮಾಡಿಸಬಹುದು. ನನ್ನ ಇಡೀ ಪ್ರದರ್ಶನದಲ್ಲಿ ಅತಿ ಅಗ್ಗದ ಸಾಮಾನು ಇದು, ಜನ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲೇ. ಸೀಸ ಮುಟ್ಟಿದವರಿಗೆ ಕೈ ತೊಳೆಯಲು ನೀರಿಡಿ.

ಆಸ್ಪತ್ರೆಯ ಕೊಳೆಗಾಯಕ್ಕೆ ಬ್ರೋಮೀನ್. ಕೊಳೆತ ಮಾಂಸವನ್ನೆಲ್ಲ ಮೊದಲು ಕತ್ತರಿಸಿ ತೆಗೆದು, ಗಾಯದ ತಳಕ್ಕೇ ತಾಗುವಂತೆ ಹಚ್ಚಬೇಕು. ಮೇಲೆ ಮೇಲೆ ಹಚ್ಚಿದರೆ ಕೊಳೆತ ಪದರವೇ ಅದನ್ನು ಹೀರಿಬಿಡುತ್ತದೆ. ಲೂಯಿವಿಲ್‌ನ ಮಿಡಲ್ಟನ್ ಗೋಲ್ಡ್‌ಸ್ಮಿತ್ ಹೀಗೆ ಮಾಡಿ ಸಾವನ್ನು ಶೇ. 3ರೊಳಗೆ ಇಳಿಸಿದ್ದಾಗಿ ವರದಿ ಮಾಡಿದ. ಉರಿ ತಡೆಯಲಾಗದ್ದು, ಆದ್ದರಿಂದ ಕ್ಲೋರೋಫಾರ್ಮ್ ಕೊಟ್ಟೇ ಹಚ್ಚುತ್ತಿದ್ದರು.

ಇನ್ನು ವಿಲ್ಮಿಂಗ್ಟನ್. ಊರು ವಶವಾದ ಬೆನ್ನಿಗೇ, ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ದಿನಗಳಲ್ಲಿ, ದಕ್ಷಿಣದ ಸೆರೆಶಿಬಿರಗಳಿಂದ ವಿನಿಮಯವಾಗಿ ಎಂಟು ಸಾವಿರಕ್ಕೂ ಹೆಚ್ಚು ಯೂನಿಯನ್ ಕೈದಿಗಳು ಬಂದಿಳಿದರು. ಎಲುಬಿನ ಹಂದರಗಳು, ಮೈತುಂಬ ಹೇನು, ಜೊತೆಗೆ ಟೈಫಸ್ ಜ್ವರ. ಇಲ್ಲಿ ಸರ್ಜನ್ನನ ಮೊದಲ ಕೆಲಸ ಊಟಕ್ಕೆ ಅಡ್ಡ ನಿಲ್ಲುವುದು. ಹಸಿದವನ ಕೈಗೆ ಪೂರ್ತಿ ರೇಷನ್, ಅಂದರೆ ದಿನಕ್ಕೆ ಒಂದು ಪೌಂಡ್ ಗಟ್ಟಿ ಬಿಸ್ಕತ್ತು ಮತ್ತು 12 ಔನ್ಸ್ ಹಂದಿಮಾಂಸ, ಕೊಟ್ಟುಬಿಟ್ಟರೆ ಕೆಲವರು ಎರಡು ಮೂರು ದಿನದಲ್ಲಿ ಸಾಯುತ್ತಾರೆ. ತಿಂಗಳುಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೇ ಹಿಟ್ಟು, ಸಕ್ಕರೆ ಬಿದ್ದಾಗ ರಕ್ತದ ಫಾಸ್ಫೇಟ್ ಕುಸಿದು ಹೃದಯ ನಿಲ್ಲುತ್ತದೆಂದು ಇಂದು ನಮಗೆ ಗೊತ್ತು. ಅವರಿಗೆ ಕಾರಣ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಆದ್ದರಿಂದ ಮಾಂಸದ ತಿಳಿ ಸಾರು, ಹಾಲಿಗೆ ಸ್ವಲ್ಪ ಬ್ರಾಂಡಿ, ನೆನೆಸಿದ ಬಿಸ್ಕತ್ತು, ಅದೂ ಸ್ವಲ್ಪ ಸ್ವಲ್ಪವೇ, ದಿನವಿಡೀ. ಬಟ್ಟೆ ಸುಡುವುದು, ತಲೆ ಬೋಳಿಸುವುದು, ಮೈ ತಿಕ್ಕಿ ತೊಳೆಸುವುದು. ಟೈಫಸ್ ಹರಡುವುದು ಹೇನಿನಿಂದ ಎಂದು ತಿಳಿಯದೆಯೂ ಸರಿಯಾದದ್ದನ್ನೇ ಮಾಡಿದರು.

ತಕ್ಕಡಿ

ಬೆಳಗ್ಗೆ ಕಹಳೆ ಊದಿದ ಕೂಡಲೇ ಕಂಪನಿಯ ಸಾರ್ಜೆಂಟ್ ರೋಗಿಗಳ ಪುಸ್ತಕ ಹಿಡಿದು ಸಾಲು ಕರೆತರುತ್ತಿದ್ದ. ಸರ್ಜನ್ ಒಬ್ಬೊಬ್ಬನ ಹೆಸರಿನ ಮುಂದೆ ಬರೆಯಬೇಕಾದದ್ದು ನಾಲ್ಕರಲ್ಲಿ ಒಂದು: ಕೆಲಸಕ್ಕೆ, ಹಗುರ ಕೆಲಸಕ್ಕೆ, ಬಿಡಾರದಲ್ಲೇ ವಿಶ್ರಾಂತಿಗೆ, ಆಸ್ಪತ್ರೆಗೆ. ಯುದ್ಧ ಮುಗಿದು ಊರಿಗೆ ಹೋಗುವ ಆಸೆ ಹತ್ತಿದ ಮೇಲೆ ಈ ಸಾಲಿನಲ್ಲಿ ನಿಜವಾದ ರೋಗಿ ಯಾರು, ನೆಪ ಯಾರು ಎನ್ನುವುದೇ ದೊಡ್ಡ ಪರೀಕ್ಷೆ.

ಬರುವ ಕಾಯಿಲೆ ಎರಡೇ ಎಂದರೂ ನಡೆದೀತು. ಭೇದಿ ಮತ್ತು ಆಮಶಂಕೆಯಿಂದ ಯೂನಿಯನ್ ಕಡೆ ಸತ್ತವರು ಸುಮಾರು 44,000. ಚಳಿಜ್ವರದ (ಮಲೇರಿಯಾ) ಪ್ರಕರಣಗಳು ಸುಮಾರು 13 ಲಕ್ಷ, ಸಾವು ಸುಮಾರು 10,000. ಎರಡನೆಯದರಲ್ಲಿ ಸಾವಿನ ಪ್ರಮಾಣ ಇಷ್ಟು ಕಡಿಮೆಯಾದದ್ದು ಕ್ವಿನೈನ್ ಇದ್ದುದರಿಂದ. ದಿಗ್ಬಂಧನದಿಂದಾಗಿ ದಕ್ಷಿಣದವರಿಗೆ ಅದು ಸಾಕಷ್ಟು ಸಿಗುತ್ತಿರಲಿಲ್ಲ.

ಲೆಕ್ಕವನ್ನು ನೋಡುಗರ ಕೈಯಲ್ಲೇ ಮಾಡಿಸುತ್ತೇನೆ. ರೋಗ ಬಾರದಂತೆ ದಿನಕ್ಕೆ 3 ಗ್ರೇನ್, ಜ್ವರ ಹತ್ತಿದವನಿಗೆ 15ರಿಂದ 20. ಒಂದು ಗ್ರೇನ್ ಅಂದರೆ 65 ಮಿಲಿಗ್ರಾಂ. 1865ರ ಹೊತ್ತಿಗೆ ರೆಜಿಮೆಂಟಿನಲ್ಲಿ ಉಳಿದವರು 300 ಜನ ಎಂದುಕೊಳ್ಳಿ, ದಿನಕ್ಕೆ 900 ಗ್ರೇನ್ ಬೇಕು. ಎಷ್ಟು ಔನ್ಸ್? ಇಲ್ಲೇ ಎಡವುವುದು. ಔಷಧದಂಗಡಿಯ ಔನ್ಸ್ 480 ಗ್ರೇನ್, ವ್ಯಾಪಾರದ ಔನ್ಸ್ 437.5. ಸೀಸೆಯನ್ನು ಒಂದರಲ್ಲಿ ಲೆಕ್ಕ ಹಿಡಿದು ಪುಡಿಯನ್ನು ಇನ್ನೊಂದರಲ್ಲಿ ಹಂಚಿದರೆ ತಿಂಗಳ ಕೊನೆಗೆ ದಾಸ್ತಾನು ತಾಳೆಯಾಗುವುದಿಲ್ಲ.

ಕ್ವಿನೈನಿನ ಬದಲು ನಾನು ಮೆಕ್ಕೆಜೋಳದ ಪಿಷ್ಟ ತೂಗುತ್ತೇನೆ. ಮೈದಾ ಬೇಡ, ಗಾಳಿಗೆ ಹಾರಿ ತಟ್ಟೆಗೆ ಅಂಟುತ್ತದೆ. ಕೈತಕ್ಕಡಿಯ ಎರಡು ತಟ್ಟೆಗೂ ಒಂದೇ ಅಳತೆಯ ಕಾಗದ ಹಾಕಿ. ಎಲ್ಲ ಪೊಟ್ಟಣವನ್ನೂ ತೂಗುವಷ್ಟು ಹೊತ್ತು ಸ್ಟುವರ್ಡ್‌ಗೆ ಇರಲಿಲ್ಲ. 30 ಗ್ರೇನ್ ಒಮ್ಮೆ ತೂಗಿ, ಚಪ್ಪಟೆ ಚಾಕುವಿನಿಂದ ಹಂಚಿನ ಮೇಲೆ ಉದ್ದ ಪಟ್ಟಿ ಎಳೆದು, ಕಣ್ಣಳತೆಯಲ್ಲಿ ಹತ್ತು ಪಾಲು. ಮಕ್ಕಳು ಮಾಡಿದ ಹತ್ತು ಪಾಲನ್ನು ಆಮೇಲೆ ಒಂದೊಂದೇ ತೂಗಿದರೆ ಎರಡು ಗ್ರೇನಿಂದ ನಾಲ್ಕರವರೆಗೆ ಬರುತ್ತದೆ. ಆಗಲೂ ಹೀಗೇ ಇದ್ದಿರಬೇಕು.

ಕಹಿ ಎಷ್ಟೆಂದು ತೋರಿಸಲು ಟಾನಿಕ್ ವಾಟರ್. ಅಮೆರಿಕದ ನಿಯಮದಂತೆ ಅದರಲ್ಲಿ ಲೀಟರಿಗೆ ಹೆಚ್ಚೆಂದರೆ 83 ಮಿಲಿಗ್ರಾಂ ಕ್ವಿನೈನ್ ಇರಬಹುದು. ಸಿಪಾಯಿಯ 3 ಗ್ರೇನ್ ಸಮನಾಗಲು ಎರಡೂಕಾಲು ಲೀಟರಿಗೂ ಹೆಚ್ಚು ಕುಡಿಯಬೇಕು. ಜ್ವರದವನ 20 ಗ್ರೇನಿಗೆ ಹದಿನೈದೂವರೆ ಲೀಟರ್. ವಿಸ್ಕಿಯಲ್ಲಿ ಕರಗಿಸಿ ಕೊಡುತ್ತಿದ್ದುದು ಏಕೆಂದು ಬೇರೆ ಹೇಳಬೇಕಾಗಿಲ್ಲ.

ದಾಕು

ಸಿಡುಬು ಆ ವರ್ಷ ಊರೂರಿಗೂ ಹಬ್ಬಿತ್ತು, ಅದರಲ್ಲೂ ಗುಲಾಮಗಿರಿಯಿಂದ ಬಿಡುಗಡೆಯಾಗಿ ಸೇನೆಯ ಹಿಂದೆ ನಡೆದುಬಂದ ಕರಿಯರ ಶಿಬಿರಗಳಲ್ಲಿ. ಇಕ್ಕಟ್ಟಾದ ಗುಡಿಸಲು, ಹೊದಿಕೆ ಇಲ್ಲ, ಆಸ್ಪತ್ರೆಗೆ ಸೇರಿಸಿಕೊಳ್ಳುವವರಿಲ್ಲ. 1865ರ ಮಾರ್ಚ್ 3ರ ಕಾಯಿದೆಯಿಂದ ಹುಟ್ಟಿದ, ಬಿಡುಗಡೆಯಾದವರ ನೆರವಿನ ಸರ್ಕಾರಿ ಇಲಾಖೆಯಾದ ಫ್ರೀಡ್‌ಮೆನ್ಸ್ ಬ್ಯೂರೋ ವೈದ್ಯ ವಿಭಾಗ ತೆರೆಯುವವರೆಗೆ, ತೆರೆದ ಮೇಲೂ ಎಷ್ಟೋ ಕಡೆ, ಇವರಿಗೆ ಸಿಕ್ಕಿದ್ದು ಸೇನೆಯ ಸರ್ಜನ್ ಅಥವಾ ತಿಂಗಳ ಸಂಬಳದ ಗುತ್ತಿಗೆ ವೈದ್ಯ, ಅವನ ಮನಸ್ಸಿದ್ದರೆ. ಮನಸ್ಸಿಲ್ಲದವರೂ ಬಹಳ ಜನರಿದ್ದರು. ‘ಈ ಜನಾಂಗದ ಮೈಯೇ ಹಾಗೆ’ ಎಂದು ಬರೆದು ಕೈತೊಳೆದುಕೊಂಡ ವರದಿಗಳಿವೆ. ಪ್ರದರ್ಶನದಲ್ಲಿ ಇದನ್ನು ಬಿಡಬೇಡಿ.

ಲಸಿಕೆ ಎಂದರೆ ದಾಕು ಹಾಕಿಸಿಕೊಂಡ ಆರೋಗ್ಯವಂತ ಮಗುವಿನ ತೋಳಿನಿಂದ ಮೂರನೆಯ ವಾರದ ಹೊತ್ತಿಗೆ ತಾನಾಗಿ ಉದುರಿದ ಹಕ್ಕಳೆ. ನಾನು ತೋರಿಸುವಾಗ ಹಕ್ಕಳೆಯ ಜಾಗದಲ್ಲಿ ಕಂದು ಬಣ್ಣದ ಒಣಗಿದ ಗೋಂದು. ಚೂರನ್ನು ಗಾಜಿನ ಮೇಲಿಟ್ಟು ಪುಡಿಮಾಡಿ, ಒಂದು ಹನಿ ತಣ್ಣೀರು ಹಾಕಿ, ಕೆನೆಯಷ್ಟು ಗಟ್ಟಿಯಾಗುವವರೆಗೆ ಅರೆಯಬೇಕು. ತೋಳಿನ ಹೊರಮಗ್ಗುಲಲ್ಲಿ ಲ್ಯಾನ್ಸೆಟ್ಟಿನಿಂದ ಅಡ್ಡ ನಾಲ್ಕು, ಉದ್ದ ನಾಲ್ಕು ಗೀರು; ರಕ್ತ ಜಿನುಗಬೇಕು, ಹರಿಯಬಾರದು. ಹರಿದರೆ ಲಸಿಕೆ ಕೊಚ್ಚಿಹೋಗುತ್ತದೆ. ಅರೆದದ್ದನ್ನು ಹಚ್ಚಿ, ಒಣಗುವವರೆಗೆ ತೋಳಿಳಿಸಬಾರದು. ಎಂಟನೆಯ ದಿನಕ್ಕೆ ನಡುವೆ ತಗ್ಗಿದ ಮುತ್ತಿನಂಥ ಗುಳ್ಳೆ, ಸುತ್ತ ಕೆಂಪು ವರ್ತುಲ ಕಂಡರೆ ಹತ್ತಿತು ಎಂದು ಲೆಕ್ಕ.

ಕೆಡುವುದು ಮೂರು ರೀತಿ. ಬಿಸಿಲಿಗೆ ಬಿದ್ದ ಹಕ್ಕಳೆ ಸತ್ತುಹೋಗಿ ಏನೂ ಹತ್ತುವುದಿಲ್ಲ. ಎರಡನೆಯ ಸಲ ದಾಕು ಹಾಕಿಸಿಕೊಂಡ ದೊಡ್ಡವರ ತೋಳಿನದ್ದಾದರೆ ಸಿಡುಬಿಗೆ ರಕ್ಷಣೆ ಸಿಗದೆ ಬರೀ ಹುಣ್ಣಾಗುತ್ತದೆ. ಮೂರನೆಯದು ಘೋರ: ಕೊಟ್ಟವನಿಗೆ ಸಿಫಿಲಿಸ್ ಇದ್ದರೆ ಪಡೆದವನಿಗೂ ಬರುತ್ತದೆ. ಸಿಪಾಯಿಗಳು ಜೇಬುಚಾಕುವಿನಿಂದ ಒಬ್ಬರಿಗೊಬ್ಬರು ಹಾಕಿಕೊಂಡಾಗ ಹೀಗೆ ತೋಳು ಕೊಳೆತ ಪ್ರಕರಣಗಳು ಎಷ್ಟೋ.

ಊರು, ಗುಂಡಿ, ಕಾಗದ

ವಶಕ್ಕೆ ಬಂದ ಊರಿನ ನೈರ್ಮಲ್ಯವೂ ಸೇನೆಯ ತಲೆಗೇ. ಕಕ್ಕಸು ಗುಂಡಿಗೆ ಪ್ರತಿ ಸಂಜೆ ಆರು ಇಂಚು ಮಣ್ಣು, ಬಾವಿಯಿಂದ ದೂರ, ಇಳಿಜಾರಿನ ಕೆಳಗೆ. ಚರಂಡಿಗೆ ಸುಣ್ಣ, ಕೊಳಕು ಗುಂಡಿಗಳಿಗೆ ಅನ್ನಭೇದಿ. ದುರ್ವಾಸನೆಯೇ ರೋಗ ಎಂದು ನಂಬಿದ್ದರು. ನಂಬಿಕೆ ತಪ್ಪಾದರೂ ವಾಸನೆ ಇರುವಲ್ಲೇ ನೊಣವೂ ಇದ್ದುದರಿಂದ ಅರ್ಧ ಫಲ ಸಿಕ್ಕಿತು. ಗುಂಡಿಯ ಮಾದರಿಯನ್ನು ಒಂದು ಗಾಜಿನ ತೊಟ್ಟಿಯಲ್ಲಿ ಪದರ ಪದರವಾಗಿ ಮಾಡಿ ಇಟ್ಟಿದ್ದೇನೆ. ಶಾಲೆಯ ಮಕ್ಕಳಿಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ನ್ಯಾಶ್‌ವಿಲ್‌ನ ವಿಷಯವನ್ನು ದೊಡ್ಡವರ ಗುಂಪಿಗೆ ಮಾತ್ರ ಹೇಳುತ್ತೇನೆ. 1863ರಲ್ಲಿ ಅಲ್ಲಿನ ಸೇನಾಡಳಿತ ವೇಶ್ಯೆಯರನ್ನು ಹಡಗಿನಲ್ಲಿ ಹೊರಗೆ ಸಾಗಿಸಲು ನೋಡಿತು. ಯಾವ ಊರೂ ಇಳಿಸಿಕೊಳ್ಳದೆ ಹಡಗು ವಾಪಸು ಬಂದ ಮೇಲೆ ಪರವಾನಗಿ ಕೊಟ್ಟು, ಸರ್ಜನ್ನರಿಂದ ನಿಯತವಾಗಿ ಪರೀಕ್ಷೆ ಮಾಡಿಸಿ, ಕಾಯಿಲೆಯವರಿಗೆ ಬೇರೆ ಆಸ್ಪತ್ರೆ ತೆರೆದರು. ಸೇನಾ ಸರ್ಜನ್ನನ ಕೆಲಸದ ಪಟ್ಟಿ ಎಲ್ಲಿಯವರೆಗೆ ಚಾಚಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸ್ಥಳೀಯರೊಡನೆ ವ್ಯವಹಾರ ನಡೆಯುತ್ತಿದ್ದುದು ಆಸ್ಪತ್ರೆ ನಿಧಿಯಿಂದ. ಹಾಸಿಗೆ ಹಿಡಿದ ರೋಗಿ ತಿನ್ನದ ರೇಷನ್ನಿನ ಬೆಲೆಯನ್ನು ಈ ನಿಧಿಗೆ ಜಮಾ ಮಾಡಿ, ಅದರಿಂದ ಮೊಟ್ಟೆ, ಹಾಲು, ಕೋಳಿ, ಈರುಳ್ಳಿ ಕೊಳ್ಳಬಹುದಿತ್ತು. ಏಪ್ರಿಲ್ ಬಳಿಕ ದಕ್ಷಿಣದ ನೋಟು ಕಾಗದಕ್ಕೆ ಸಮ. ಮಾರುವವರಿಗೆ ಬೇಕಾದದ್ದು ಉತ್ತರದ ಹಸಿರು ನೋಟು, ಇಲ್ಲವೇ ಕಾಫಿ, ಉಪ್ಪು. ಈರುಳ್ಳಿ, ಆಲೂಗಡ್ಡೆ ಸಿಗದ ಕಡೆ ಸ್ಕರ್ವಿ (ಸಿ ಜೀವಸತ್ವದ ಕೊರತೆಯ ರೋಗ) ಹತ್ತಿತು. ಮೇ ತಿಂಗಳಿಂದ ಟೆಕ್ಸಾಸ್ ಗಡಿಗೆ ಕಳಿಸಿದ ಕರಿಯ ಸಿಪಾಯಿಗಳ 25ನೆಯ ಕೋರ್‌ನಲ್ಲಿ ಅದು ಜೋರಾಗಿತ್ತು. ಅಲ್ಲಿನ ಸರ್ಜನ್ನರು ಕತ್ತಾಳೆಯ ರಸ ಹಿಂಡಿ ಕುಡಿಸಿದರು.

ಶರಣಾದ ಸೇನೆಯ ವೈದ್ಯರನ್ನು ಓಡಿಸುತ್ತಿರಲಿಲ್ಲ. 1862ರಿಂದಲೇ ಎರಡೂ ಕಡೆ ಸರ್ಜನ್ನರನ್ನು ಯುದ್ಧಕೈದಿಗಳಾಗಿ ಹಿಡಿಯಬಾರದೆಂಬ ಒಪ್ಪಂದವಿತ್ತು. ಹಾಗಾಗಿ ಒಂದೇ ವಾರ್ಡಿನಲ್ಲಿ ಉತ್ತರದ ನೀಲಿ ಕೋಟಿನವನೂ ದಕ್ಷಿಣದ ಬೂದು ಕೋಟಿನವನೂ ರೋಗಿಗಳನ್ನು ನೋಡುವುದು ಸಾಮಾನ್ಯ ದೃಶ್ಯ. ನನ್ನ ಜೊತೆ ಒಬ್ಬ ಗೆಳೆಯ ಬೂದು ಕೋಟು ತೊಟ್ಟು ನಿಲ್ಲುವುದು ಇದಕ್ಕೇ.

ಕೊನೆಗೆ ಕಾಗದ. ತಿಂಗಳ ರೋಗಿಗಳ ವರದಿಯಲ್ಲಿ ಕಾಯಿಲೆಗಳು ಐದು ವರ್ಗ: ಹರಡುವಂಥವು, ಮೈಗುಣದವು, ಪರಾವಲಂಬಿಗಳಿಂದ ಬರುವವು, ಒಂದೊಂದು ಅಂಗದವು, ಮತ್ತು ಗಾಯ–ಅಪಘಾತ. ಲಂಡನ್ನಿನ ವಿಲಿಯಂ ಫಾರ್ ಮಾಡಿದ ವಿಂಗಡಣೆಯನ್ನು ಆಧರಿಸಿದ್ದು. ಬರುವವರಿಗೆ ಒಂದು ಕಾಲ್ಪನಿಕ ದಿನದ ರೋಗಿಪಟ್ಟಿ ಕೊಟ್ಟು ಇದನ್ನು ತುಂಬಿಸುತ್ತೇನೆ. ಹೋದ ತಿಂಗಳು ಉಳಿದವರು, ಈ ತಿಂಗಳು ಬಂದವರು, ಒಟ್ಟು. ಗುಣವಾದವರು, ಬೇರೆ ಕಡೆ ಕಳಿಸಿದವರು, ಬಿಡುಗಡೆಯಾದವರು, ಸತ್ತವರು, ಉಳಿದವರು. ಎಡ ಬಲ ಎರಡರ ಮೊತ್ತವೂ ಒಂದೇ ಬರಬೇಕು. ವೈದ್ಯರು ತುಂಬಿದರೂ ಮೊದಲ ಸಲ ತಾಳೆಯಾಗುವುದು ಕಡಿಮೆ.

ಸಾಮಾನಿನ ಲೆಕ್ಕ ಇದಕ್ಕಿಂತ ಕಠಿಣ. ಗುಡಾರ, ಹೊದಿಕೆ, ಗರಗಸ, ತಟ್ಟೆ, ಸ್ಪಂಜು, ಎಲ್ಲದಕ್ಕೂ ಸರ್ಜನ್ನನೇ ಸ್ವಂತ ಹೊಣೆ. ರೆಜಿಮೆಂಟ್ ವಿಸರ್ಜನೆಯಾದಾಗ ಎಲ್ಲವನ್ನೂ ಔಷಧ ಉಗ್ರಾಣಕ್ಕೆ ಒಪ್ಪಿಸಿ ರಸೀದಿ ಪಡೆಯಬೇಕು. ಬಾಕಿ ಏನೂ ಇಲ್ಲವೆಂಬ ಪ್ರಮಾಣಪತ್ರ ಬಾರದೆ ಕೊನೆಯ ಸಂಬಳವಿಲ್ಲ. ಸಿಡುಬಿನ ಭಯಕ್ಕೆ ಸುಟ್ಟ ಹೊದಿಕೆಗಳಿಗೆ, ಸುಡುವ ಮೊದಲೇ ತಪಾಸಣೆ ಮಾಡಿಸಿ ‘ಕೆಲಸಕ್ಕೆ ಬಾರದ್ದು’ ಎಂದು ಬರೆಸಿಕೊಂಡಿರಬೇಕಿತ್ತು. ಬರೆಸಿಕೊಳ್ಳದವನು ಸುಟ್ಟ ಹೊದಿಕೆಯ ಬೆಲೆ ಕಟ್ಟಬೇಕಾಗುತ್ತಿತ್ತು. ಈ ಫಾರಂಗಳ ಖಾಲಿ ನಕಲು ಮಾಡಿಸುವಾಗ ದಪ್ಪ ಕಾಗದ ಆರಿಸಿ. ಲೋಹದ ನಿಬ್ಬಿನ ಪೆನ್ನು ತೆಳು ಹಾಳೆಯನ್ನು ಹರಿಯುತ್ತದೆ, ಶಾಯಿಯೂ ಹಿಂಬದಿಗೆ ಇಳಿಯುತ್ತದೆ. ಒಬ್ಬೊಬ್ಬರಿಗೂ ಎರಡೆರಡು ಪ್ರತಿ ಕೊಡಿ, ಆಗಲೂ ಎರಡನ್ನೂ ಕೈಯಲ್ಲೇ ಬರೆಯಬೇಕಿತ್ತು.